ಬಾಣಂತನಕ್ಕೆಂದು ಹೋದವಳು

ನನ್ನ ಹೆಂಡತಿ ಹೆರಿಗೆಗೆಂದು ತವರಿಗೆ ಹೊರಟಾಗ ಅವಳ ಸೀರೆಗಳಲ್ಲಿ ಅರ್ಧ ಸಿಂಗಾಪುರದ ಬಿಶಾನಿನ ನಮ್ಮ ಬಾಡಿಗೆ ಕೋಣೆಯ ಬೀರುವಿನಲ್ಲೇ ಉಳಿದವು. ಐದನೇ ತಿಂಗಳಿಗೆ ಮಗು ಎತ್ತಿಕೊಂಡು ವಾಪಸು ಬರುವವಳು ಎಲ್ಲವನ್ನೂ ಹೊತ್ತುಕೊಂಡು ಹೋಗುವುದು ಯಾಕೆ ಎಂದು ಅವಳೇ ತೆಗೆದಿಟ್ಟಳು. ಮಡಿಕೆಗಳ ನಡುವೆ ನುಸಿಗುಳಿಗೆ ಇಟ್ಟಳು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, "ಇದನ್ನ ಮುಟ್ಟಬೇಡಿ ರೀ, ನಾನು ಬರೋ ಹೊತ್ತಿಗೆ ಹದವಾಗಿರುತ್ತೆ" ಅಂದಳು. ತೊಂಬತ್ತೇಳನೇ ಇಸವಿ. ಆ ವರ್ಷ ಪಕ್ಕದ ದೇಶದಲ್ಲಿ ಕಾಡು ಹೊತ್ತಿ ಉರಿದ ಹೊಗೆ ಸಿಂಗಾಪುರದ ಮೇಲೆ ವಾರಗಟ್ಟಲೆ ಕೂತಿತ್ತು. ಎದುರಿನ ಬ್ಲಾಕು ಕಾಣುತ್ತಿರಲಿಲ್ಲ. ಬಸುರಿ ಹೆಂಗಸು ಕೆಮ್ಮಿ ಕೆಮ್ಮಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ವಿಮಾನ ಹತ್ತಿಸಿ ಬಂದ ದಿನ ನನಗೆ ದುಃಖಕ್ಕಿಂತ ನಿರಾಳವೇ ಹೆಚ್ಚಾಗಿತ್ತು.

ನನ್ನ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮೊದಲು ಪಡೆದವನು ನಾನು. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಅದು ಯಾರೋ ಕರೆದು ಕೊಟ್ಟದ್ದಲ್ಲ. ರಾಮನಗರದ ಒಂದು ಫಿಲೇಚರಿನಲ್ಲಿ ನಮ್ಮವ್ವ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಕುದಿಯುವ ನೀರಿಗೆ ಗೂಡು ಹಾಕಿ, ಬರಿಗೈಯಲ್ಲಿ ಎಳೆ ಹುಡುಕಿ ತೆಗೆಯುವ ಕೆಲಸ. ಅವಳ ಬೆರಳುಗಳು ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಒಲೆಯಿಂದ ಇಳಿಸಿದ ಮುದ್ದೆಯನ್ನು ಹಾಗೆಯೇ ಹಿಡಿದರೂ ಅವಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ನಾನು ಬೆಳಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಚೀಟಿ ಬರೆದು, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯಲ್ಲಿ ನಿಂತು ಓದಿಕೊಂಡು, ಬೆಂಗಳೂರಿನ ಸಂಜೆ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದೆ. ಆಮೇಲೆ ಕಂಪ್ಯೂಟರ್ ಕೋರ್ಸು. ಫಿಲೇಚರಿನ ಸಾಹುಕಾರರ ಮನೆ ಫಿಲೇಚರಿನ ಎದುರಿಗೇ ಇತ್ತು. ಅವರ ಅಡುಗೆಮನೆಯಲ್ಲಿ ಇವತ್ತು ಏನು ಬೇಯುತ್ತಿದೆ ಎಂದು ಅವ್ವನಿಗೆ ನೂಲು ಬಿಚ್ಚುತ್ತಲೇ ಮೂಗಿಗೆ ತಿಳಿಯುತ್ತಿತ್ತು. ಬಡವರಿಗೂ ಸಾಹುಕಾರರಿಗೂ ನಡುವೆ ಇರುವುದು ಒಂದು ಬೀದಿಯಷ್ಟು ಅಗಲ ಎಂದೇ ನಾನು ತಿಳಿದುಕೊಂಡು ಬೆಳೆದದ್ದು. ಓದಿದರೆ ಆ ಬೀದಿ ದಾಟಬಹುದು ಅಂತಲೂ.

ಸಿಂಗಾಪುರದಲ್ಲಿ ನನ್ನ ಕೆಲಸ ಒಂದು ಹಡಗು ಕಂಪನಿಯಲ್ಲಿ. ಪಾಸಿರ್ ಪಂಜಾಂಗಿನಲ್ಲಿ ಆಗ ಸಮುದ್ರ ತುಂಬಿಸಿ ಹೊಸ ಟರ್ಮಿನಲ್ ಕಟ್ಟುತ್ತಿದ್ದರು. ಶಿಫ್ಟಿನವರ ಜೊತೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಕ್ರೇನುಗಳ ಕಡೆ ಮುಖ ಮಾಡಿದ ಕಚೇರಿಯಲ್ಲಿ ಕೂತು, ನಾನು ಸಂಬಳದ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೆ. ಏಷ್ಯಾದಲ್ಲಿ ಕಂಪನಿಗೆ ಎಲ್ಲೆಲ್ಲಿ ಶಾಖೆ ಇತ್ತೋ ಅಲ್ಲಿನವರೆಲ್ಲರ ಸಂಬಳ ನಮ್ಮ ಯಂತ್ರದಿಂದ ಹೊರಡುತ್ತಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಕ್ಷರ. ಎ ಅಂದರೆ ಲಂಡನ್, ನ್ಯೂಯಾರ್ಕ್, ಸಿಡ್ನಿಯಲ್ಲಿ ನೇಮಕವಾಗಿ ಬಂದವರು. ಬಿ ಅಂದರೆ ಸಿಂಗಾಪುರದವರು. ಸಿ ಅಂದರೆ ಬೆಂಗಳೂರು, ಮನಿಲಾ, ಕೊಲಂಬೊದ ಕಡೆಯಿಂದ ಕರೆಸಿಕೊಂಡವರು. ಡಿ ಅಂದರೆ ಜಕಾರ್ತ, ಚಿತ್ತಗಾಂಗಿನಂಥ ಊರುಗಳಲ್ಲಿ ತಮ್ಮ ತಮ್ಮ ಮನೆಯಿಂದಲೇ ಕೆಲಸಕ್ಕೆ ಹೋಗುವವರು. ಯಾರು ಏನು ಕೆಲಸ ಮಾಡುತ್ತಾರೆ ಎನ್ನುವುದಕ್ಕಿಂತ ಎಲ್ಲಿ ನೇಮಕವಾದರು ಎನ್ನುವುದರ ಮೇಲೆ ಸಂಬಳ ನಿಲ್ಲುತ್ತಿತ್ತು. ನನ್ನ ಪಕ್ಕದ ಮೇಜಿನ ಇಂಗ್ಲಿಷ್ ಹುಡುಗ ನಾನು ಬರೆದ ಪ್ರೋಗ್ರಾಮನ್ನೇ ನನ್ನಿಂದ ಕಲಿತು ನಡೆಸುತ್ತಿದ್ದ. ಅವನ ಅಕ್ಷರ ಎ, ನನ್ನದು ಸಿ. ಹಾಗಂತ ನಾನೇ ಕೊನೆಯವನೂ ಅಲ್ಲ. ಚಿತ್ತಗಾಂಗಿನ ಗುಮಾಸ್ತನ ಪಕ್ಕ ಇಟ್ಟರೆ ನಾನೇ ಸಾಹುಕಾರ. ಆ ಗುಮಾಸ್ತನ ಸಂಬಳ ನೋಡಿದಾಗ ಕಣ್ಣು ಬೇಗ ಕೆಳಗಿನ ಸಾಲಿಗೆ ಜಾರಿಸುತ್ತಿದ್ದೆ. ಮೇಲಿನವರದ್ದನ್ನು ಮಾತ್ರ ನಿಧಾನವಾಗಿ ನೋಡುತ್ತಿದ್ದೆ.

ಆ ಮೇಲಿನವರಲ್ಲಿ ಒಬ್ಬರು ನಮ್ಮ ಮೈಸೂರಿನವರೇ. ಸರಸ್ವತಿಪುರಂನಲ್ಲಿ ಬೆಳೆದು, ಲಂಡನ್ನಿನಲ್ಲಿ ಓದಿ, ಅಲ್ಲೇ ಕೆಲಸಕ್ಕೆ ಸೇರಿದ್ದರಿಂದ ಎ ಅಕ್ಷರದವರು. ರಾಫೆಲ್ಸ್ ಪ್ಲೇಸಿನ ಹೆಡ್ಡಾಫೀಸಿನಲ್ಲಿ ಕೂರುತ್ತಿದ್ದರು, ನಮ್ಮ ಪಾಸಿರ್ ಪಂಜಾಂಗಿನ ಕಚೇರಿಯೂ ಅವರ ಕೈಕೆಳಗೇ. ಅವರಿದ್ದ ಕಾಂಡೋ ಅಪಾರ್ಟ್‌ಮೆಂಟಿಗೆ ಕಂಪನಿ ಕಟ್ಟುತ್ತಿದ್ದ ತಿಂಗಳ ಬಾಡಿಗೆ ನನ್ನ ತಿಂಗಳ ಸಂಬಳಕ್ಕಿಂತ ದೊಡ್ಡದು. ಒಳ್ಳೆಯ ಮನುಷ್ಯ. ಅವರ ಹೆಂಡತಿ ಇನ್ನೂ ಒಳ್ಳೆಯವರು. ನಾವಿಬ್ಬರೂ ಅವರನ್ನು ಆಂಟಿ ಅನ್ನುತ್ತಿದ್ದೆವು. ಬಿಶಾನಿನ ನಮ್ಮ ಕೋಣೆಯ ಮಾಲೀಕಳಾದ ಚೀನಿ ಮುದುಕಿ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ, ಬರೀ ಬೇಯಿಸಿಕೊಳ್ಳಬೇಕು ಎನ್ನುವ ಕರಾರಿನ ಮೇಲೇ ಬಾಡಿಗೆಗೆ ಕೊಟ್ಟಿದ್ದಳು. ಅದು ಗೊತ್ತಾದಂದಿನಿಂದ ಆಂಟಿ ಸಾರಿಗೆ ಬೇಕಾದ ಒಗ್ಗರಣೆಯನ್ನು ತಾವೇ ಮಾಡಿ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದರು. ನನ್ನ ಹೆಂಡತಿಗೆ ಸೀಮಂತ ಮಾಡಿದವರೂ ಅವರೇ, ತಮ್ಮ ಕಾಂಡೋದ ಫಂಕ್ಷನ್ ರೂಮಿನಲ್ಲಿ.

ಆ ದಿನ ಚೆನ್ನಾಗಿ ನೆನಪಿದೆ. ಕಿಟಕಿಗಳನ್ನೆಲ್ಲ ಮುಚ್ಚಿ ಏಸಿ ಹಾಕಿದ್ದರು. ಹತ್ತಿಪ್ಪತ್ತು ಕನ್ನಡದ ಹೆಂಗಸರು, ಬ್ಯಾಂಕಿನವರ, ಪ್ರೊಫೆಸರರ, ಎಂಜಿನಿಯರರ ಮನೆಯವರು. ಹಸಿರು ಬಳೆ ತೊಡಿಸುತ್ತಾ ಮಾತು ತವರಿನ ಕಡೆ ತಿರುಗಿತು.

"ಮೊದಲನೇದು ತವರಲ್ಲೇ ಆಗ್ಬೇಕಮ್ಮ" ಅಂದರು ಪ್ರೊಫೆಸರರ ಹೆಂಡತಿ. "ಇಲ್ಲಿ ಹಾಸ್ಪಿಟಲ್ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಮನೆಗ್ ಬಂದ್ಮೇಲೆ ಎಣ್ಣೆ ನೀರು ಹಾಕೋರ್ಯಾರು? ನಿನ್ನ ಗಂಡನಾ?"

"ಅವರ ಲ್ಯಾಂಡ್‌ಲೇಡಿ ಒಗ್ಗರಣೆಗೇ ಬಿಡಲ್ಲ, ಇನ್ನು ಸಾಂಬ್ರಾಣಿ ಹೊಗೆ ಹಾಕೋಕ್ ಬಿಡ್ತಾಳಾ" ಎಂದು ಇನ್ನೊಬ್ಬರು.

"ಸಾಂಬ್ರಾಣಿ ಯಾಕ್ರೀ ಬೇಕು, ಕಿಟಕಿ ತೆಗೆದು ಕೂರಿಸಿದ್ರೆ ಸಾಕು" ಎಂದರು ಆಂಟಿ. ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲು ಹೋಗಿ ಕೆಮ್ಮಿದಳು.

ಆಂಟಿ ಅವಳ ಬೆನ್ನು ಸವರಿದರು. "ನಾನೂ ಇಲ್ಲಿಂದಾನೇ ಹೋಗಿದ್ದೆ. ಮೈಸೂರಲ್ಲಿ ಹೆತ್ತು, ಅಮ್ಮನ ಹತ್ರ ಆರಾಮಾಗಿ ಬಾಣಂತನ ಮಾಡಿಸ್ಕೊಂಡು, ಮಗು ಎತ್ಕೊಂಡು ಬಂದೆ. ಏನಾಯ್ತು? ನೀನೂ ಹೋಗಿ ಬಾ. ನಾಮಕರಣಕ್ಕೆ ಇದೇ ರೂಮ್ ಬುಕ್ ಮಾಡಿಸ್ತೀನಿ."

ಆಂಟಿಯ ಮಗ ಬಾಗಿಲಲ್ಲಿ ನಿಂತು, "ಮಮ್ಮಿ, ಎಷ್ಟ್ ಹೊತ್ತು? ಬೋರಿಂಗ್ ಲಾ" ಎಂದು ಸಿಂಗಾಪುರದವರ ಹಾಗೆ ರಾಗ ಎಳೆಯುತ್ತಿದ್ದ. ಮೈಸೂರಿನಲ್ಲಿ ಹುಟ್ಟಿ ಬಂದ ಮಗು ಅವನೇ.

ಆ ಕೋಣೆಯಲ್ಲಿ ಯಾರಿಗೂ ಪಾಸಿನ, ಅಂದರೆ ಇಲ್ಲಿರಲು ಸರ್ಕಾರ ಕೊಡುವ ಪರವಾನಗಿಯ, ಮಾತು ನೆನಪಾಗಲಿಲ್ಲ. ಹೊರದೇಶದಿಂದ ಬಂದವನು ಹೆಂಡತಿ ಮಕ್ಕಳನ್ನು ಸಿಂಗಾಪುರದಲ್ಲಿ ಜೊತೆಗಿಟ್ಟುಕೊಳ್ಳಬೇಕಾದರೆ ಅವನ ಸಂಬಳ ಒಂದು ಗೆರೆಗಿಂತ ಮೇಲಿರಬೇಕು. ಗೆರೆಯ ಕೆಳಗಿದ್ದವನು ಒಬ್ಬನೇ ಬಂದು ದುಡಿಯಬಹುದು, ಅಷ್ಟೆ. ಅಲ್ಲಿ ಕೂತಿದ್ದವರ ಗಂಡಂದಿರೆಲ್ಲ ಆ ಗೆರೆಯನ್ನು ಎಲ್ಲೋ ಕೆಳಗೆ ಬಿಟ್ಟು ಬಂದವರು, ಅವರಿಗೆ ಅದು ಇದೆ ಎನ್ನುವುದೇ ಮರೆತಿತ್ತು. ನನ್ನ ಸಂಬಳ ಗೆರೆಗಿಂತ ಬೆರಳಗಲ ಮೇಲಿತ್ತು. ಮೇಲಿದೆ ಎಂದ ಮೇಲೆ ಮುಗಿಯಿತು, ನಾನೂ ಅವರಂಥವನೇ ಎಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ವರ್ಷದ ಕೊನೆಯ ಸಂಬಳದ ಕೆಲಸ ಬಿಟ್ಟು ಹೊರಡಲು ನನಗೆ ರಜೆ ಸಿಗಲಿಲ್ಲ. ಹನ್ನೆರಡನೇ ದಿನಕ್ಕೆ ಹೆಸರಿಡಬೇಕೆಂದು ಅತ್ತೆ ಹೇಳಿದರೆ, ನನ್ನ ಹೆಂಡತಿ ಒಪ್ಪಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವನು ಅಪ್ಪ, ಅಲ್ಲಿಗೆ ಹೋದ ಮೇಲೇ ಆಗಲಿ ಅಂದಳು. ಹೀಗಾಗಿ ಮಗು ಪಾಪು ಆಗಿಯೇ ಉಳಿಯಿತು.

ಅಷ್ಟರಲ್ಲಿ ನಮ್ಮ ಸುತ್ತಲಿನ ದೇಶಗಳಲ್ಲಿ ದುಡ್ಡಿನ ಬೆಲೆ ಬಿದ್ದುಹೋಗಿತ್ತು. ಮೊದಲು ಬ್ಯಾಂಕಾಕು, ಆಮೇಲೆ ಜಕಾರ್ತ. ಹಡಗುಗಳು ಅರ್ಧ ಖಾಲಿ ಬರತೊಡಗಿದವು. ಹೊಸ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮೈಸೂರಿನ ಸಾಹೇಬರು ಪಾಸಿರ್ ಪಂಜಾಂಗಿಗೆ ಬಂದು ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿದರು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಬದಲಿಗೆ ಎಲ್ಲರ ಸಂಬಳದಲ್ಲೂ ಕಡಿತ, ಮೇಲಿನವರಿಗೂ ಕೆಳಗಿನವರಿಗೂ ಒಂದೇ ಶೇಕಡಾ, ನನ್ನಿಂದಲೇ ಶುರು ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ಕಡೆಯವರು ಎಷ್ಟು ದೊಡ್ಡತನದಿಂದ ಮಾತಾಡಿದರು ಎಂದು ಪಕ್ಕದ ಮೇಜಿನವನಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ.

ಕಡಿತದ ಪ್ರೋಗ್ರಾಂ ಬರೆಯುವ ಕೆಲಸ ನನ್ನದೇ. ಹೊಸದಾಗಿ ಬರೆದದ್ದನ್ನು ಮೊದಲು ನಮ್ಮ ನಮ್ಮ ನಂಬರಿನ ಮೇಲೇ ಓಡಿಸಿ ನೋಡುವುದು ನಮ್ಮಲ್ಲಿ ರೂಢಿ. ತಪ್ಪಿದರೆ ತಪ್ಪು ನಮ್ಮ ಸಂಬಳಕ್ಕೇ ತಗಲಲಿ ಎಂದು. ಓಡಿಸಿದೆ. ಪರದೆಯ ಮೇಲೆ ಬಂದ ಅಂಕಿ ಗೆರೆಗಿಂತ ಕೆಳಗಿತ್ತು. ಲೆಕ್ಕ ತಪ್ಪಿದೆ ಎಂದುಕೊಂಡು ಇನ್ನೊಮ್ಮೆ ಓಡಿಸಿದೆ. ತಪ್ಪಿರಲಿಲ್ಲ.

ಆಮೇಲೆ ಬೇರೆಯವರದ್ದನ್ನೂ ಓಡಿಸಬೇಕಲ್ಲ, ಓಡಿಸಿದೆ. ಕಡಿತ ಬೇಸಿಕ್ಕಿನ ಮೇಲೆ ಎಂದು ಆದೇಶ. ಎ ಅಕ್ಷರದವರಿಗೆ ಬೇಸಿಕ್ ಒಂದು ತುಂಡು ಮಾತ್ರ. ಮನೆಬಾಡಿಗೆ, ಕಾರು, ಮಕ್ಕಳ ಸ್ಕೂಲು, ವರ್ಷಕ್ಕೊಮ್ಮೆ ಎಲ್ಲರೂ ಊರಿಗೆ ಹೋಗಿಬರುವ ಟಿಕೆಟ್ಟು, ಎಲ್ಲ ಬೇರೆ ಬೇರೆ ಖಾನೆಗಳಲ್ಲಿ ಕೂತಿದ್ದವು, ಕಡಿತದ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ನಮ್ಮ ಸಿ ಅಕ್ಷರದಲ್ಲಿ ಬೇರೆ ಖಾನೆಗಳೆಲ್ಲ ಖಾಲಿ. ಇರುವುದೆಲ್ಲ ಬೇಸಿಕ್. ಶೇಕಡಾ ಒಂದೇ, ಅದರಲ್ಲಿ ಸುಳ್ಳಿಲ್ಲ. ಡಿ ಅಕ್ಷರದವರಿಗೂ ಅದೇ ಶೇಕಡಾ. ಜಕಾರ್ತದ ಗುಮಾಸ್ತನಿಗೆ ಅವನ ದುಡ್ಡೇ ನೆಲಕಚ್ಚಿದ ಮೇಲೆ ಉಳಿದದ್ದರಲ್ಲಿ ಮತ್ತೆ ಕಡಿತ. ಅವನ ಸಾಲನ್ನು ಆ ದಿನ ಪೂರ್ತಿ ಓದಿದೆ.

ಆಗಲೂ ನನಗೊಂದು ನಂಬಿಕೆ ಇತ್ತು. ಹೆಂಡತಿಯ ಪಾಸು ಈಗಾಗಲೇ ಇದೆಯಲ್ಲ, ಇದ್ದದ್ದನ್ನು ಯಾರು ಕಿತ್ತುಕೊಳ್ಳುತ್ತಾರೆ ಎಂದು. ಮಾರ್ಚಿನಲ್ಲಿ ನನ್ನ ಪಾಸು ನವೀಕರಣಕ್ಕೆ ಬಂದಾಗ ಕಚೇರಿಯಲ್ಲಿ ಆ ಕೆಲಸ ನೋಡಿಕೊಳ್ಳುತ್ತಿದ್ದ ಚೀನಿ ಹೆಂಗಸನ್ನು ಕೇಳಿದೆ. ವಯಸ್ಸಾದವಳು, ಎಲ್ಲರಿಗೂ ಆಂಟಿ. ಅವಳ ಇಂಗ್ಲಿಷನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ.

"ನಿನ್ನ ಪಾಸಿಗೆ ತೊಂದರೆ ಇಲ್ಲ. ಹೆಂಡತಿದು ನಿನ್ನ ಪಾಸಿನ ಜೊತೆಗೇ ಮುಗೀತು. ಅವಳು ಎಲ್ಲಿ?"

"ಊರಲ್ಲಿ. ಹೆರಿಗೆ ಆಗಿದೆ."

ಅವಳು ಪೆನ್ನು ಕೆಳಗಿಟ್ಟಳು. "ಯಾಕೆ ಕಳಿಸಿದೆ? ಇಲ್ಲೇ ಇದ್ದಿದ್ದರೆ ಇದ್ದವಳನ್ನ ಮುಂದುವರಿಸಿ ಅಂತ ಕಂಪನಿ ಬರೆದುಕೊಡ್ತಿತ್ತು. ಮಗು ಇಲ್ಲೇ ಹುಟ್ಟಿದ್ದರೆ ಅದರದೂ ಜೊತೆಗೆ. ಇಲ್ಲಿರೋರನ್ನ ಅಷ್ಟು ಬೇಗ ಎಬ್ಬಿಸಲ್ಲ ಲಾ. ಹೊರಗಿರೋರದ್ದು ಹೊಸ ಅರ್ಜಿ. ಹೊಸ ಅರ್ಜಿಗೆ ಇವತ್ತಿನ ಸಂಬಳ ನೋಡ್ತಾರೆ."

"ನಮ್ಮಲ್ಲಿ ಮೊದಲ ಹೆರಿಗೆಗೆ ಹೆಂಗಸರು ತಾಯಿ ಮನೆಗೆ ಹೋಗ್ತಾರೆ" ಅಂದೆ.

"ನಿಮ್ಮ ದೊಡ್ಡ ಸಾಹೇಬರ ಹೆಂಡತಿನೂ ಹೋಗಿದ್ದರು, ನಾನೇ ಮಾಡಿಕೊಟ್ಟೆ" ಎಂದಳು. "ಅವರದ್ದು ಬೇರೆ. ಅವರು ಯಾವಾಗ ಬೇಕಾದರೂ ಹೋಗಬಹುದು, ಬರಬಹುದು."

ಅರ್ಜಿ ಹಾಕಿಯೇ ಹಾಕಿದೆವು. ಮಗುವಿನ ಹೆಸರು ಕೇಳಿದರು. ನಾವಿಬ್ಬರೂ ಹಿಂದೆಯೇ ಫೋನಿನಲ್ಲಿ ಮಾತಾಡಿ ಒಂದು ಹೆಸರು ಇಟ್ಟುಕೊಂಡಿದ್ದೆವು, ಅದನ್ನೇ ಟೈಪ್ ಮಾಡಿಸಿದೆ. ಕಿವಿಯಲ್ಲಿ ಹೇಳುವ ಮೊದಲೇ ಹೆಸರು ಕಾಗದಕ್ಕೆ ಹೋಯಿತು ಎಂದು ಅತ್ತೆ ಊರಿನಲ್ಲಿ ಕಣ್ಣೀರು ಹಾಕಿದರಂತೆ. ಅರ್ಜಿ ತಿರಸ್ಕಾರವಾಗಿ ಬಂತು. ಕಾರಣ ಒಂದೇ ಸಾಲು. ಚೀನಿ ಆಂಟಿ ಅದನ್ನು ನನಗೆ ಓದಿ ಹೇಳಲಿಲ್ಲ, ನನ್ನ ಕಡೆ ತಿರುಗಿಸಿಟ್ಟು ಟೀ ತರಲು ಎದ್ದುಹೋದಳು.

ಆಗ ನಾನು ಮೈಸೂರಿನ ಸಾಹೇಬರ ಮನೆಗೆ ಹೋದೆ. ಭಾನುವಾರ ಬೆಳಗ್ಗೆ, ಅವರೇ ಬರಹೇಳಿದ್ದರು. ಒಳಗೆ ದೋಸೆ ಹುಯ್ಯುವ ಸದ್ದು. ಕೆಳಗೆ ಈಜುಕೊಳದಲ್ಲಿ ಮಕ್ಕಳ ಗಲಾಟೆ. ಹೊಗೆ ಎಂದೋ ಹೋಗಿತ್ತು, ಆಕಾಶ ತೊಳೆದಂತಿತ್ತು.

"ಬನ್ನಿ, ಕೂತ್ಕೊಳ್ಳಿ. ನಮ್ಮನೆಯವಳು ಎಲ್ಲಾ ಹೇಳಿದ್ಲು" ಅಂದರು. "ವೆರಿ ಸ್ಯಾಡ್. ನಂಗೆ ಗೊತ್ತೇ ಇರ್ಲಿಲ್ಲ ಇಂಥದ್ದೊಂದು ರೂಲ್ ಇದೆ ಅಂತ."

"ಸರ್, ನಾನು ಹೆಚ್ಚಿಗೆ ಕೇಳೋಕ್ ಬಂದಿಲ್ಲ. ಕಡಿತಕ್ಕೆ ಮುಂಚೆ ಇದ್ದಷ್ಟು ಮಾಡ್ಕೊಡಿ. ಗೆರೆ ದಾಟ್ತೀನಿ. ಅರ್ಜಿ ಮತ್ತೆ ಹಾಕ್ಬಹುದಂತೆ."

ಅವರು ಕಾಫಿ ಲೋಟ ತಿರುಗಿಸುತ್ತಾ ಕೂತರು. "ನಿಮಗೊಬ್ಬರಿಗೆ ಹೇಗ್ ಮಾಡ್ಲಿ ಹೇಳಿ. ಸಿ-ನಲ್ಲಿ ನಿಮ್ಮ ಥರ ಇನ್ನೂ ಇದಾರೆ. ನಾಳೆ ಆ ಫಿಲಿಪಿನೋ ಹುಡುಗ ಬಂದು, ನಿಮ್ ಕಡೆಯವ್ರು ಅಂತ ಮಾಡಿದ್ರಿ ಅಂತಾನೆ. ಅವನು ಹೇಳೋದು ತಪ್ಪಾ?"

"ತಪ್ಪಲ್ಲ ಸರ್. ಅವನಿಗೂ ಮಾಡಿ."

ಅವರು ಸಣ್ಣಗೆ ನಕ್ಕರು. "ಅಷ್ಟು ಸುಲಭ ಇದ್ದಿದ್ರೆ ಕಡಿತ ಯಾಕ್ ಮಾಡ್ಬೇಕಿತ್ತು? ಎಲ್ರಿಗೂ ಸೇಮ್ ಪರ್ಸೆಂಟ್ ಅಂತ ನಾನೇ ಫೈಟ್ ಮಾಡಿ ತಂದಿದ್ದು. ಹೆಡ್ಡಾಫೀಸಲ್ಲಿ ಕೆಳಗಿನವರನ್ನ ತೆಗೆದುಹಾಕಿ ಅಂದ್ರು. ನಾನು ಬೇಡ ಅಂದೆ. ನಾನೂ ಕಟ್ ತಗೊಂಡಿದೀನಿ."

ಅದು ನಿಜ. ಅವರು ಸುಳ್ಳು ಹೇಳುವವರಲ್ಲ. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸರ್, ಕಡಿತ ಬೇಸಿಕ್ ಮೇಲೆ ಮಾತ್ರ. ಈ ಮನೆ ಬೇಸಿಕ್ ಒಳಗಿಲ್ಲ. ಕಾರಿಲ್ಲ, ಸ್ಕೂಲಿಲ್ಲ. ನಮಗೆ ಬೇಸಿಕ್ ಬಿಟ್ರೆ ಇನ್ನೇನೂ ಇಲ್ಲ. ನಿಮ್ಮ ಕಟ್ ನಿಮ್ಮ ಮನೆ ಬಾಗಿಲು ತನಕ ಬರಲ್ಲ ಸರ್. ನಮ್ದು ಮನೆ ಒಳಗೇ ಬಂತು."

ಒಳಗೆ ದೋಸೆಯ ಸದ್ದು ನಿಂತಿತು.

"ನೀವು ನನ್ನ ರೆಕಾರ್ಡ್ ನೋಡಿದೀರಾ?"

"ನೋಡೋದೇ ನನ್ನ ಕೆಲ್ಸ ಸರ್."

"ಆಚೆ ಮಾತಾಡಲ್ಲ ಅಂತ ಸೈನ್ ಮಾಡಿದೀರ."

"ಆಚೆ ಮಾತಾಡ್ತಿಲ್ಲ. ನಿಮ್ಮ ಹತ್ರಾನೇ ಮಾತಾಡ್ತಿದೀನಿ."

ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು. "ನಾನೇ ಕಣಪ್ಪಾ ಹೋಗು ಅಂದಿದ್ದು ಆ ಹುಡುಗಿಗೆ. ಇಂಥದ್ದಾಗುತ್ತೆ ಅಂತ ಯಾರಿಗ್ ಗೊತ್ತಿತ್ತು? ಒಂದ್ ಕೆಲ್ಸ ಮಾಡಿ, ವಿಸಿಟ್‌ಗೆ ಕರೆಸ್ಕೊಳ್ಳಿ. ನಮ್ಮನೇಲೇ ಉಳ್ಕೊಳ್ಳಿ ಎಲ್ರೂ. ಪಾಪು ನೋಡ್ಕೊಂಡು, ನಾಮಕರಣ ಮಾಡ್ಕೊಂಡು ಕಳ್ಸಿ. ಟೈಮ್ ಹಾಗಿದೆ. ನಾವೂ ಈ ಸಲ ಯುರೋಪ್ ಕ್ಯಾನ್ಸಲ್ ಮಾಡಿ ಪೆನಾಂಗ್‌ಗೆ ಹೋಗ್ತಿದೀವಿ."

ಅವರು ಅದನ್ನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕಷ್ಟ ಹಂಚಿಕೊಳ್ಳುವ ದನಿಯಲ್ಲೇ ಹೇಳಿದರು. ದೋಸೆ ತಿಂದು ಹೋಗಿ ಅಂದರು. ತಿಂದೆ. ಹೊಟ್ಟೆ ಹಸಿದಿತ್ತು, ದೋಸೆಯೂ ಚೆನ್ನಾಗಿತ್ತು. ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಇವತ್ತಿಗೂ ನನ್ನಿಂದ ಆಗಿಲ್ಲ. ಸಾಹುಕಾರ ಕೆಟ್ಟವನಾಗಿದ್ದರೆ ಅವ್ವನ ಕಾಲದ ಹಾಗೆ ಮಣ್ಣು ತೂರಿ ಶಾಪ ಹಾಕಬಹುದಿತ್ತು.

ಆ ಸಂಜೆ ಊರಿಗೆ ಫೋನ್ ಮಾಡಿದೆ. ಅತ್ತೆಯ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಮನೆಗೆ ಮಾಡಿದರೆ ಕರೆಯುತ್ತಿದ್ದರು.

"ರೀ, ಪಾಪು ಬೋರಲು ಬಿದ್ದು ತಲೆ ಎತ್ತುತ್ತಾಳೆ ಈಗ" ಎಂದಳು ಹೆಂಡತಿ ಮೊದಲಿಗೆ. ಆಮೇಲೆ, "ಏನಂದ್ರು?"

"ಆಗಲ್ಲ ಅಂದ್ರು. ವಿಸಿಟ್‌ಗೆ ಕರೆಸ್ಕೊಳ್ಳಿ ಅಂದ್ರು ಆಂಟಿ."

"ಯಾರ ಮನೆಗೆ ವಿಸಿಟ್ಟು?"

ಅವಳೇ ಮುಂದುವರಿಸಿದಳು.

"ನನ್ನ ಸೀರೆ ಇರೋ ಮನೆಗೆ ನಾನು ನೆಂಟರ ಥರ ಬಂದು, ದಿನ ಎಣಿಸ್ಕೊಂಡು ಹೋಗೋದಾ? ನಂಗೆ ಬೇಡ."

"ಹಾಗಾದ್ರೆ ನಾನೇ ಬಿಟ್ಟು ಬರ್ತೀನಿ."

"ಬಂದು? ಬೆಂಗಳೂರಲ್ಲಿ ನಿಮಗೆ ಕೆಲಸ ಸಿಗುತ್ತೆ, ಇಲ್ಲ ಅನ್ನಲ್ಲ. ಎಷ್ಟು ಕೊಡ್ತಾರೆ? ಅದ್ರಲ್ಲಿ ನಿಮ್ಮವ್ವನ ಉಬ್ಬಸ ನೋಡೋದಾ, ಪಾಪು ನೋಡೋದಾ? ನೀವು ಬಿಟ್ಟು ಬಂದ್ರೆ ಅವ್ವ ಮಾರನೇ ದಿನ ಹೋಗಿ ಗೂಡು ಬೇಯೋ ಬಾನಿ ಮುಂದೆ ಕೂರ್ತಾಳೆ. ಗೊತ್ತಲ್ಲ ನಿಮಗೆ."

ಗೊತ್ತಿತ್ತು. ವರ್ಷಗಟ್ಟಲೆ ಗೂಡು ಬೇಯುವ ಹಬೆ ಕುಡಿದು ಅವ್ವನಿಗೆ ಉಬ್ಬಸ ಹತ್ತಿತ್ತು. ನಾನು ಸಿಂಗಾಪುರಕ್ಕೆ ಬಂದ ಮೇಲೇ ಅವಳನ್ನು ಆ ಕೆಲಸದಿಂದ ಬಿಡಿಸಿದ್ದು. ನನ್ನ ಡಿಗ್ರಿಯಿಂದ ಏನಾಯಿತು ಎಂದು ಯಾರಾದರೂ ಕೇಳಿದರೆ ತೋರಿಸಲು ನನಗಿದ್ದದ್ದು ಅದೊಂದೇ. ಸಿ ಅಕ್ಷರದ ಕಡಿತವಾದ ಸಂಬಳವೂ ಬೆಂಗಳೂರಿನ ಲೆಕ್ಕದಲ್ಲಿ ದೊಡ್ಡ ಸಂಬಳವೇ. ಅಲ್ಲಿ ಅದು ಎಲ್ಲರನ್ನೂ ಸಾಕುತ್ತದೆ. ಇಲ್ಲಿ ಅದು ಇಬ್ಬರನ್ನು ಒಳಗೆ ಬಿಡುವುದಿಲ್ಲ. ಬಿಟ್ಟು ಬರಲು ಆಗದಷ್ಟು ಹೆಚ್ಚು, ಕರೆಸಿಕೊಳ್ಳಲು ಆಗದಷ್ಟು ಕಡಿಮೆ.

"ಇರಿ ಅಲ್ಲೇ" ಅಂದಳು. "ನಾನು ಇಲ್ಲಿ ಯಾವುದಾದ್ರೂ ಸ್ಕೂಲಿಗೆ ಸೇರ್ಕೋತೀನಿ. ಸಂಬಳ ಏರಿದಾಗ ನೋಡೋಣ."

ಸಂಬಳ ಏರಿದ್ದು ಹೇಗೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಪ್ರೋಗ್ರಾಂ ಬರೆದವನೂ ನಾನೇ. ಕಾಲ ಸುಧಾರಿಸಿದ ಮೇಲೆ ಕಡಿತವನ್ನು ಹಂತ ಹಂತವಾಗಿ ಹಿಂತಿರುಗಿಸಿದರು. ಎ ಅಕ್ಷರದಿಂದ ಶುರು, ಒಳ್ಳೆಯ ಜನ ಬಿಟ್ಟುಹೋಗಬಾರದು ಎಂದು. ಸಿ ಅಕ್ಷರಕ್ಕೆ ಅದು ಬರುವ ಹೊತ್ತಿಗೆ ತಾಯಿಯ ಜೊತೆ ಅವ್ವನ ಮನೆಗೆ ಬಂದಿದ್ದ ಮಗಳು ರಾಮನಗರದ ಶಿಶುವಿಹಾರಕ್ಕೆ ಹೋಗುತ್ತಿದ್ದಳು, ಗೆರೆಯೂ ಇನ್ನಷ್ಟು ಮೇಲೆ ಹೋಗಿತ್ತು. ಡಿ ಅಕ್ಷರದವರ ಕಡಿತ ಹಿಂತಿರುಗಿಸಿ ಎಂಬ ಆದೇಶ ನನ್ನ ಮೇಜಿಗೆ ಬರಲೇ ಇಲ್ಲ.

ಆದರೆ ನಾಮಕರಣ ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಆರನೇ ತಿಂಗಳಾಯಿತು, ಹೆಸರಿಲ್ಲದ ಮಗುವಿಗೆ ಅನ್ನ ಮುಟ್ಟಿಸುವುದು ಹೇಗೆ ಎಂದು ಅತ್ತೆ ಹಟ ಹಿಡಿದರು. ಸರಿ, ಫೋನಿನಲ್ಲೇ ಹೇಳುತ್ತೇನೆ ಅಂದೆ. ಪಕ್ಕದ ಮನೆಯ ಫೋನಿನ ವೈರು ತೊಟ್ಟಿಲ ತನಕ ಬರುತ್ತಿರಲಿಲ್ಲವಂತೆ. ತೊಟ್ಟಿಲನ್ನೇ ಆ ಮನೆಯ ಹಜಾರಕ್ಕೆ ಹೊತ್ತು ತಂದು ಫೋನಿನ ಪಕ್ಕ ಕಟ್ಟಿದರು. ಅವ್ವ ರಾಮನಗರದಿಂದ ಬಂದಿದ್ದಳು.

ನಾನು ನಮ್ಮ ಬ್ಲಾಕಿನ ಕೆಳಗೆ ಕಂಬಗಳ ನಡುವಿನ ಖಾಲಿ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್ಕಿನಲ್ಲಿದ್ದ ಕಾರ್ಡ್ ಫೋನಿನ ಮುಂದೆ, ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ನಿಂತಿದ್ದೆ. ಕಲ್ಲಿನ ಮೇಜಿನ ಹತ್ತಿರ ಇಬ್ಬರು ಚೀನಿ ಮುದುಕರು ಪಗಡೆಯಂಥದ್ದೇನೋ ಆಡುತ್ತಿದ್ದರು. ರಿಸೀವರಿನಲ್ಲಿ ಹೆಂಗಸರು ಹಾಡುವುದು ಕೇಳುತ್ತಿತ್ತು, ಯಾರದೋ ಬಳೆಗಳ ಸದ್ದು, ಅವ್ವನ ಕೆಮ್ಮು.

"ಈಗ ಹೇಳಿ ರೀ, ಕಿವಿ ಹತ್ರ ಹಿಡಿದಿದೀನಿ" ಎಂದಳು ಹೆಂಡತಿ.

ಹೇಳಿದೆ.

"ಜೋರಾಗಿ ಹೇಳ್ಬೇಕಂತೆ. ನಮಗೇ ಕೇಳ್ಸಲಿಲ್ಲ."

ಗುಟ್ಟಾಗಿ ಕಿವಿಯಲ್ಲಿ ಹೇಳುವ ಹೆಸರನ್ನು ವಾಯ್ಡ್ ಡೆಕ್ಕಿನಲ್ಲಿ ನಿಂತು ಕೂಗಿ ಹೇಳಿದೆ. ಮೂರು ಸಲ. ಮುದುಕರಲ್ಲಿ ಒಬ್ಬ ತಲೆಯೆತ್ತಿ ನೋಡಿದ. ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಂಡಿರಬೇಕು, ಹಿಂದೆ ತಿರುಗಿ ಲಿಫ್ಟಿನ ಕಡೆಗೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ಕೇಳಿಸ್ತಾ ಅವಳಿಗೆ?"

"ನಿದ್ದೆ ಮಾಡ್ತಿದಾಳೆ. ಕೇಳಿಸಿರುತ್ತೆ."

ಆಮೇಲೆ ಅವ್ವ ಬಂದಳು. "ಮಗ, ಹೊಟ್ಟೆಗೆ ಏನ್ ತಿಂದೆ ಇವತ್ತು?" ಎಂದು ಕೇಳಿದಳು. ಹಬ್ಬದೂಟ ಮಾಡಿದ್ದೇನೆ ಎಂದು ಹೇಳಿ ಇಟ್ಟೆ. ಮೇಲೆ ಬಂದು ಬಿಳಿ ಅನ್ನ ಮಾಡಿಕೊಂಡು, ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದೆ. ಚೆನ್ನಾಗಿ ಹದವಾಗಿತ್ತು.

ಸೋಮವಾರ ಕೆಲಸಕ್ಕೆ ಹೋದೆ. ತಿಂಗಳ ಸಂಬಳ ಓಡಿಸುವ ಮೊದಲು ಎಲ್ಲರ ವಿವರ ಸರಿಪಡಿಸಬೇಕು, ಯಾರಿಗೆ ಮದುವೆಯಾಯಿತು, ಯಾರ ಮನೆ ಬದಲಾಯಿತು ಎಂದು. ಚೀನಿ ಆಂಟಿ ಕಳಿಸಿದ ಬದಲಾವಣೆಗಳಲ್ಲಿ ನನ್ನದೂ ಇತ್ತು. ಬೇರೆಯವರದ್ದನ್ನೆಲ್ಲ ಮುಗಿಸಿ ಕೊನೆಗೆ ನನ್ನ ನಂಬರು ತೆರೆದೆ. ಸಿಂಗಾಪುರದಲ್ಲಿರುವ ಅವಲಂಬಿತರು ಎಂಬ ಖಾನೆಯಲ್ಲಿ ಒಂದು ಎಂದಿತ್ತು. ಮಗಳು ಅಲ್ಲಿ ಎಣಿಕೆಗೆ ಬಂದಿರಲೇ ಇಲ್ಲ, ಹಾಗಾಗಿ ಅಳಿಸಬೇಕಾದದ್ದು ಆ ಒಂದನ್ನೇ. ಅಳಿಸಿ ಸೊನ್ನೆ ಹಾಕಿದೆ. ಖಚಿತವೇ ಎಂದು ಯಂತ್ರ ಕೇಳಿತು. ಎಲ್ಲರಿಗೂ ಕೇಳಲಿ ಎಂದು ಆ ಪ್ರಶ್ನೆಯನ್ನು ಪ್ರೋಗ್ರಾಮಿಗೆ ಸೇರಿಸಿದವನು ನಾನೇ. ಹೌದು ಎಂದು ಒತ್ತಿ, ಸಂಬಳ ಓಡಿಸಿದೆ.